ಅವರದ್ದು ಅಂತ ಏನಿದೆ

ಕೋರ್ಟಿನ ಅಮೀನರು ಹತ್ತು ಗಂಟೆಗೆ ಮುಂಚೆ ಯಾರ ಮನೆಗೂ ಕಾಲಿಡುವುದಿಲ್ಲ ಎಂದು, ವಕೀಲರೊಬ್ಬರ ಆಫೀಸಿನಲ್ಲಿ ಕೆಲಸಕ್ಕಿದ್ದ ಬಾಮೈದ ಎದೆ ತಟ್ಟಿಕೊಂಡು ಹೇಳಿದ್ದ. ಅದನ್ನು ನಂಬಿ ನಿಧಾನವಾಗಿ ಎದ್ದು, ನಿಧಾನವಾಗಿ ಕಾಫಿ ಕುಡಿದು, ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತವನಿಗೆ ಎಡಗೆನ್ನೆ ಬೋಳಿಸಿ ಮುಗಿಸುವಷ್ಟರಲ್ಲಿ ಹೊರಬಾಗಿಲು ಬಡಿದ ಸದ್ದು ಕೇಳಿತು. ಪಕ್ಕದ ಮನೆಯವರು ಹಾಗೆ ಬಡಿಯುವುದಿಲ್ಲ. ಒಳಗಿನವರು ತೆಗೆಯುತ್ತಾರೋ ಇಲ್ಲವೋ ಎಂಬ ಅನುಮಾನವೇ ಇಲ್ಲದವರು ಮಾತ್ರ ಹಾಗೆ ಬಡಿಯುತ್ತಾರೆ. ರೇಜರು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಹೆಂಡತಿಯ ಚಪ್ಪಲಿಯ ಸಪ್ಪಳ ಅಡಿಗೆಮನೆಯಿಂದ ಬಾಗಿಲವರೆಗೆ ಹೋಯಿತು, ಚಿಲಕ ತೆಗೆದದ್ದು ಕೇಳಿಸಿತು, ಆಮೇಲೆ ವಯಸ್ಸಾದ ಗಂಡಸಿನ ದನಿಯೊಂದು, ‘ಕೋರ್ಟಿಂದ ಬಂದಿದೀವಮ್ಮ. ಜಪ್ತಿ ವಾರಂಟು ಇದೆ. ಯಜಮಾನರು ಇದಾರಾ?’ ಎಂದಿತು. ‘ಇಲ್ಲ, ಕೆಲಸಕ್ಕೆ ಹೋದ್ರು,’ ಎಂದಳು ಅವಳು. ಬಾಮೈದ ಹೇಳಿಕೊಟ್ಟಿದ್ದು ಅದನ್ನೇ. ಆದರೂ ಒಂದು ಚೂರೂ ತಡವರಿಸದೆ ಅಷ್ಟು ಸಲೀಸಾಗಿ ಅವಳು ಹೇಳಿದ್ದು ಕೇಳಿ ಅವನಿಗೆ ಮೊದಲು ಜೀವ ಬಂದ ಹಾಗಾಯಿತು, ಮರುಕ್ಷಣವೇ ಮೈ ಉರಿಯಿತು. ಇಷ್ಟು ಚೆನ್ನಾಗಿ ಸುಳ್ಳು ಹೇಳುವುದನ್ನು ಇವಳು ಯಾವಾಗ ಕಲಿತಳು? ತನಗೆ ಇದುವರೆಗೆ ಹೇಳಿದ್ದರಲ್ಲಿ ಎಷ್ಟು ಹೀಗೆ ಹೇಳಿದ್ದು?

ಸದ್ದಾಗದ ಹಾಗೆ ಬಚ್ಚಲಿನ ಅಗುಳಿ ಹಾಕಿಕೊಂಡ. ಬಕೆಟ್ಟಿನೊಳಕ್ಕೆ ನಲ್ಲಿ ತೊಟ್ಟಿಕ್ಕುತ್ತಿತ್ತು. ತಿರುಗಿಸಿದರೆ ಅದು ಕಿರುಗುಟ್ಟುತ್ತದೆ, ತಿರುಗಿಸದಿದ್ದರೆ ಒಂದೊಂದು ಹನಿಯೂ ನಾನು ಇಲ್ಲಿದ್ದೇನೆ ಎಂದು ಸಾರುತ್ತದೆ. ಕೊನೆಗೆ ನಲ್ಲಿಯ ಬಾಯಿಗೆ ಬೆರಳು ಕೊಟ್ಟುಕೊಂಡು ಬಗ್ಗಿ ನಿಂತ. ಐವತ್ತು ದಾಟಿದ ಗಂಡಸು, ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವನು, ಟವೆಲು ಸುತ್ತಿಕೊಂಡು ತನ್ನದೇ ಮನೆಯ ಬಚ್ಚಲಿನಲ್ಲಿ ನಲ್ಲಿಯ ಬಾಯಿ ಮುಚ್ಚಿಕೊಂಡು ನಿಂತಿದ್ದಾನೆ! ತನ್ನದೇ ಮನೆ ಎಂದುಕೊಂಡದ್ದಕ್ಕೆ ಅವನಿಗೇ ನಗು ಬರಬೇಕಿತ್ತು, ಬರಲಿಲ್ಲ. ಬಾಡಿಗೆ ಮನೆ. ಬಾಡಿಗೆಯನ್ನು ಮೊದಲಿನಿಂದಲೂ ಅವಳೇ ಕೊಡುತ್ತಾ ಬಂದಿದ್ದಾಳೆ, ಯಾಕೆಂದರೆ ಮಾಲೀಕನ ಜೊತೆ ಇವನಿಗೆ ಬಂದ ವರ್ಷವೇ ಮಾತಿಗೆ ಮಾತು ಬೆಳೆದು ಆಗಿಬರುತ್ತಿರಲಿಲ್ಲ.

‘ನಾವು ಕರೆದೋರ ಮನೆಗೆ ಹೋಗೋರಲ್ಲ ಅಮ್ಮ, ಬೇಜಾರು ಮಾಡ್ಕೋಬೇಡಿ,’ ಎನ್ನುತ್ತಿದ್ದ ಹಿರಿಯ ಅಮೀನ. ಅವನ ಜೊತೆ ಇನ್ನೊಬ್ಬನಿದ್ದ. ಅವನು ಕೂತದ್ದು ಸೋಫಾದ ಸ್ಪ್ರಿಂಗುಗಳ ನರಳಿಕೆಯಿಂದಲೇ ಗೊತ್ತಾಯಿತು, ದಪ್ಪ ಆಸಾಮಿಯೇ ಇರಬೇಕು. ಆ ಸ್ಪ್ರಿಂಗು ಕೂರುವವರ ತೊಡೆಗೆ ಚುಚ್ಚುತ್ತದೆ. ಚುಚ್ಚಲಿ. ‘ದಂಡ ಕಟ್ಟಿಬಿಟ್ಟಿದ್ರೆ ನಮಗೂ ಇಷ್ಟು ಮೆಟ್ಟಲು ಹತ್ತೋದು ತಪ್ತಿತ್ತು,’ ಎಂದ ದಪ್ಪನವನು, ಇನ್ನೂ ಏದುಸಿರು ಬಿಡುತ್ತಾ. ‘ವರ್ಷ ಆಯ್ತಲ್ಲಮ್ಮ. ಯಾಕೆ ಕಟ್ಟಲಿಲ್ಲ?’ ಹೇಳು, ಎಂದುಕೊಂಡ ಅವನು ಬಾಗಿಲಿಗೆ ಕಿವಿ ಕೊಟ್ಟು. ತಪ್ಪು ಮಾಡದವರು ಯಾಕೆ ಕಟ್ಟಬೇಕು ಅಂತ ಹೇಳು. ಸ್ಟೀರಿಂಗು ನನ್ನ ಗಂಡನ ಕೈಯಲ್ಲಿರಲಿಲ್ಲ ಅಂತ ಹೇಳು. ‘ಅದು ಅವರಿಗೇ ಗೊತ್ತು,’ ಎಂದಳು ಅವಳು.

ಅವರಿಗೇ ಗೊತ್ತು! ಸ್ಟೀರಿಂಗು ಇದ್ದದ್ದು ಆ ಹೆಂಗಸಿನ ಕೈಯಲ್ಲಿ. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದವಳು, ತಿರುವು ಬಂದಾಗಲೆಲ್ಲ ‘ಅಯ್ಯೋ ಅಮ್ಮಾ’ ಎನ್ನುತ್ತಿದ್ದಳೆಂದು ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರೂ ಅವಳಿಗೆ ಅಯ್ಯೋ ಅಮ್ಮಾ ಮೇಡಂ ಎಂದೇ ಹೆಸರಿಟ್ಟಿದ್ದರು. ಎಷ್ಟು ಕಲಿಸಿದರೂ ತಲೆಗೆ ಹತ್ತುತ್ತಿರಲಿಲ್ಲ. ಗೇರು ಹಾಕುವಾಗ ಗೇರನ್ನೇ ನೋಡುವುದು, ಕನ್ನಡಿ ನೋಡು ಎಂದರೆ ತನ್ನ ಮುಖ ನೋಡಿಕೊಳ್ಳುವುದು. ಅವನು ಬೈಯುತ್ತಿದ್ದ. ಬೈಯದೆ ಯಾರಿಗೂ ಕಲಿಸಿದವನಲ್ಲ, ಬೈಗುಳ ತಿಂದವರೇ ಮುಂದೆ ನೆಟ್ಟಗೆ ಓಡಿಸುತ್ತಾರೆ ಎಂಬುದು ಅವನ ನಂಬಿಕೆ. ಸ್ವಂತ ಹೆಂಡತಿಗೂ ಮದುವೆಯಾದ ಹೊಸತರಲ್ಲಿ ಹಾಗೇ ಕಲಿಸಲು ಹೊರಟಿದ್ದ. ಮೂರನೆಯ ದಿನ ಅವಳು ಮೈದಾನದ ನಟ್ಟನಡುವೆ ಕಾರು ನಿಲ್ಲಿಸಿ ಇಳಿದು, ಬಾಗಿಲನ್ನು ಮೆತ್ತಗೆ ಮುಚ್ಚಿ, ನಡೆದುಕೊಂಡೇ ಮನೆಗೆ ಹೋಗಿದ್ದಳು. ಆದರೆ ಈ ಅಯ್ಯೋ ಅಮ್ಮಾ ಮೇಡಂ ಬೈದರೆ ನಗುತ್ತಿದ್ದಳು. ಆ ಅಪಘಾತದ ದಿನವೂ ನಕ್ಕು, ‘ನನಗೇನು ಭಯ ಸಾರ್, ನೀವಿದೀರಲ್ಲ. ಬ್ರೇಕು ನಿಮ್ಮ ಕಾಲಡಿಗೂ ಇದೆಯಲ್ಲ,’ ಎಂದಳು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಡೆಗೂ ಒಂದು ಬ್ರೇಕು ಇರುತ್ತದೆ. ಇಪ್ಪತ್ತೈದು ವರ್ಷ ಅವನ ಬಲಗಾಲು ಅದರ ಮೇಲೆಯೇ ಇದ್ದು ಇದ್ದು, ಬಸ್ಸಿನಲ್ಲಿ ಕೂತಾಗಲೂ, ನಿದ್ದೆಯಲ್ಲೂ ಒಮ್ಮೊಮ್ಮೆ ನೆಲವನ್ನೋ ಹಾಸಿಗೆಯನ್ನೋ ಒತ್ತುತ್ತಿತ್ತು. ಅವಳು ಹಾಗೆಂದದ್ದು ಅವನಿಗೆ ಯಾಕೆ ಅಷ್ಟು ಚುಚ್ಚಿತೋ. ಜನ ದಾಟುವ ಬಿಳಿ ಪಟ್ಟೆ ಕಾಣುತ್ತಿತ್ತು, ಪಟ್ಟೆಯ ಮೇಲೆ ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡ ಮುದುಕ ಕಾಣುತ್ತಿದ್ದ, ಅವಳು ಇನ್ನೂ ನಗುತ್ತಲೇ ಇದ್ದಳು.

‘ಹಾಗಾದ್ರೆ ಸಾಮಾನು ನೋಡೋಣಮ್ಮ,’ ಎಂದ ಹಿರಿಯ ಅಮೀನ. ‘ಅವರದ್ದು ಏನಿದೆಯೋ ಅಷ್ಟನ್ನ ಮಾತ್ರ ನಾವು ಮುಟ್ಟಬಹುದು. ನಿಮ್ಮದನ್ನ ಮುಟ್ಟೋ ಹಾಗಿಲ್ಲ. ಯಾವುದು ಯಾರದ್ದು ಅಂತ ನೀವೇ ಹೇಳ್ತಾ ಹೋಗಿ. ಈ ಸೋಫಾ?’ ‘ನಂದು.’ ‘ಟೀವಿ?’ ‘ನಂದು. ನಾನು ಕೆಲಸ ಮಾಡೋ ಅಂಗಡೀಲಿ ಬೋನಸ್ ಕೊಟ್ಟಾಗ ತಗೊಂಡಿದ್ದು.’ ‘ಈ ಬೀರು?’ ‘ಅಮ್ಮ ಕೊಟ್ಟಿದ್ದು.’ ಇಷ್ಟೂ ಮೊದಲೇ ಮಾತಾಡಿಕೊಂಡದ್ದೇ. ನಿನ್ನೆ ಸಂಜೆ ಬಾಮೈದ ಇದೇ ಸೋಫಾದ ಮೇಲೆ ಕೂತು, ‘ಎಲ್ಲಾ ಅಕ್ಕಂದು ಅಂತ ಹೇಳಿಬಿಟ್ರೆ ಮುಗೀತು ಭಾವ. ಅವರಿಗೆ ಒಂದು ಚಮಚಾನೂ ಸಿಗಲ್ಲ, ಬಾಲ ಮುದುರಿಕೊಂಡು ಹೋಗ್ತಾರೆ,’ ಎಂದಿದ್ದ. ಮೂವರೂ ಮನೆಯೆಲ್ಲ ಸುತ್ತಿ ಒಂದೊಂದೇ ಸಾಮಾನು ತೋರಿಸಿ ಯಾವುದಕ್ಕೆ ಏನು ಹೇಳಬೇಕು ಎಂದು ನಾಟಕದ ಮಾತಿನ ಹಾಗೆ ಗಟ್ಟಿ ಮಾಡಿದ್ದರು. ಆಗ ಅವನಿಗೆ ಖುಷಿಯೇ ಆಗಿತ್ತು. ಕೋರ್ಟಿಗೆ ಮಣ್ಣುಮುಕ್ಕಿಸುವ ಖುಷಿ. ಈಗ ಬಾಗಿಲಿನ ಈಚೆಯಿಂದ ಕೇಳುತ್ತಿದ್ದರೆ ಅದು ಹೇಳಿಕೊಟ್ಟ ಮಾತಿನ ಹಾಗೆ ಕೇಳಿಸುತ್ತಲೇ ಇರಲಿಲ್ಲ. ‘ಫ್ರಿಜ್ಜು?’ ‘ನಂದೇ. ಕಂತಿನಲ್ಲಿ ತಗೊಂಡಿದ್ದು, ನನ್ನ ಸಂಬಳದಲ್ಲಿ ಹಿಡ್ಕೋತಿದ್ರು.’ ಆ ಫ್ರಿಜ್ಜನ್ನು ನಾಲ್ಕು ಮಹಡಿ ಹತ್ತಿಸಿದ್ದು ಯಾರು? ಇವನೇ. ಇವನೇ ಎಂದರೆ, ಹೊತ್ತವರು ಇಬ್ಬರು ಕೂಲಿಯವರು, ಇವನು ಮೆಟ್ಟಲು ಮೆಟ್ಟಲಿಗೂ ಎಡಕ್ಕೆ, ಬಲಕ್ಕೆ, ಕಣ್ಣು ಕಾಣಲ್ವೇನ್ರೋ ಎಂದು ಕೂಗುತ್ತಾ ಹಿಂದೆ ಬಂದಿದ್ದ. ಕೂಲಿಯವರಲ್ಲಿ ಒಬ್ಬ ಮೇಲೆ ಬಂದ ಮೇಲೆ ಅವಳ ಕಡೆ ತಿರುಗಿ, ‘ಅಕ್ಕಾ, ಇವರಿಗಿಂತ ಫ್ರಿಜ್ಜೇ ಹಗುರ ಇತ್ತು,’ ಎಂದಿದ್ದ. ಅವಳು ಅವರಿಗೆ ಮಾತಾಡಿದ್ದಕ್ಕಿಂತ ಹೆಚ್ಚು ಕೊಟ್ಟು ಕಳಿಸಿದ್ದಳು.

‘ಆ ಗೋಡೆ ಗಡಿಯಾರ?’ ಎಂದ ದಪ್ಪನವನು. ಬಚ್ಚಲಿನಲ್ಲಿ ಅವನು ಉಸಿರು ಹಿಡಿದ. ಗಡಿಯಾರ ಅವನದು. ಲೈಸೆನ್ಸು ಸಿಕ್ಕ ಸಂತೋಷಕ್ಕೆ ಒಬ್ಬ ಡಾಕ್ಟರು ಅವನಿಗೆ ಕೊಟ್ಟದ್ದು, ಯಾರು ಏನು ಹೇಳಿದರೂ ಅದು ಅವನದೇ. ಅವಳು ಹಾಗೆ ಹೇಳಿದರೆ ಜಪ್ತಿಯಾಗಿ ಹೋಗುತ್ತದೆ, ಹೋಗಲಿ. ಅದೊಂದನ್ನಾದರೂ ಅವಳು ಹೇಳಬೇಕು ಎಂದು ಅವನಿಗೆ ಇದ್ದಕ್ಕಿದ್ದಂತೆ ತೀವ್ರವಾಗಿ ಅನ್ನಿಸಿತು. ‘ಅದು ನಡೆಯಲ್ಲ,’ ಎಂದಳು ಅವಳು. ‘ಬೇಕಾದ್ರೆ ತಗೊಂಡು ಹೋಗಿ.’ ‘ನಡೆಯದಿದ್ದರೆ ಬೇಡ ಬಿಡಿ,’ ಎಂದ ದಪ್ಪನವನು.

ನೊರೆ ಒಣಗಿ ಬಲಗೆನ್ನೆ ಬಿಗಿಯುತ್ತಿತ್ತು. ನೀರು ಮುಟ್ಟುವ ಹಾಗಿಲ್ಲ. ಬೆನ್ನು ನೋಯುತ್ತಿತ್ತು, ನಲ್ಲಿಗೆ ಕೊಟ್ಟ ಬೆರಳು ಮರಗಟ್ಟಿತ್ತು. ದಪ್ಪನವನು ಎದ್ದ ಸದ್ದಾಯಿತು, ‘ಬಚ್ಚಲು ಯಾವ ಕಡೆಗಮ್ಮ, ಸ್ವಲ್ಪ ಕೈಕಾಲು...’ ಎಂದ. ‘ನೀರು ಬರ್ತಿಲ್ಲ ಇವತ್ತು,’ ಎಂದಳು ಅವಳು ತಕ್ಷಣ. ದಪ್ಪನವನು ಮತ್ತೆ ಕೂತ, ಸ್ಪ್ರಿಂಗು ಮತ್ತೆ ನರಳಿತು. ಆಮೇಲೆ ಏನೋ ಸಣ್ಣದೊಂದು ನೆಲಕ್ಕೆ ಬಿದ್ದು ಉರುಳಿದ ಸದ್ದು, ಹಿರಿಯನ ‘ಅಯ್ಯಯ್ಯೋ,’ ಮತ್ತೆ ಅವಳ ದನಿ: ‘ಅಲುಗಾಡಬೇಡಿ, ತುಳಿದುಬಿಟ್ಟೀರಿ. ಸ್ಕ್ರೂ ಬಿತ್ತು. ಕೊಡಿ ಇಲ್ಲಿ ನಿಮ್ಮ ಕನ್ನಡಕ.’ ಅವಳ ಕೈಚೀಲದಲ್ಲಿ ಯಾವಾಗಲೂ ಬೆರಳುದ್ದದ ಸ್ಕ್ರೂಡ್ರೈವರು ಇರುತ್ತದೆ, ಹದಿನೆಂಟು ವರ್ಷ ಕನ್ನಡಕದಂಗಡಿಯಲ್ಲಿ ಗಾಜು ಕೂರಿಸಿದವಳು. ಜಪ್ತಿಗೆ ಬಂದವನ ಕನ್ನಡಕ ರಿಪೇರಿ ಮಾಡಿಕೊಡುತ್ತಿದ್ದಾಳೆ! ಇವನು ಹಲ್ಲು ಕಡಿದ. ‘ಎಷ್ಟು ದಿನದಿಂದ ಹೀಗೆ ದಾರ ಕಟ್ಕೊಂಡಿದೀರಿ? ಮೂಗಿನ ಮೇಲೆ ಗಾಯ ಆಗಿದೆ ನೋಡಿ,’ ಎನ್ನುತ್ತಿದ್ದಳು. ‘ಯಾರಮ್ಮ ನೋಡ್ತಾರೆ ಅದನ್ನೆಲ್ಲ,’ ಎಂದ ಹಿರಿಯ. ಅವನ ದನಿಯಲ್ಲಿ ಸರ್ಕಾರ ಸ್ವಲ್ಪ ಕಡಿಮೆಯಾಗಿತ್ತು.

‘ಈ ಬಟ್ಟೆ ಮುಚ್ಚಿರೋದು ಏನು?’ ‘ಅದು ನನ್ನ ಮಿಷಿನ್ನು. ಕನ್ನಡಕದ ಗಾಜು ಸಾಣೆ ಹಿಡಿಯೋದು.’ ಅವಳ ಮಾತು ಅಲ್ಲಿಯವರೆಗೆ ಒಂದೇ ಸಮನೆ ಹೋಗುತ್ತಿದ್ದದ್ದು ಇಲ್ಲಿ ಸ್ವಲ್ಪ ನಿಂತು ಮುಂದುವರಿಯಿತು. ‘ಅಂಗಡಿ ಮಾಲೀಕರು ಹಳೇದನ್ನ ಮಾರಿದ್ರು. ಕೈಯಲ್ಲಿದ್ದದ್ದೆಲ್ಲ ಹಾಕಿ ತಗೊಂಡೆ. ಎರಡು ಅಂಗಡಿಯವರು ಮನೆಗೇ ಕೆಲಸ ಕೊಡ್ತೀವಿ ಅಂದಿದಾರೆ, ಬರೋ ತಿಂಗಳಿಂದ. ಅಂಗಡಿ ಕೆಲಸ ಬಿಟ್ಟುಬಿಡ್ತೀನಿ, ನಂದೇ ಶುರು ಮಾಡ್ತೀನಿ.’ ಬಟ್ಟೆ ಸರಿಸಿ ತೋರಿಸಿರಬೇಕು. ‘ಇದಕ್ಕೆ ನಾವು ಕೈ ಹಾಕಲ್ಲಮ್ಮ,’ ಎಂದ ಹಿರಿಯ. ‘ನಿಮ್ಮದು, ಅದೂ ಕಸುಬಿನ ಸಾಮಾನು. ನಿಶ್ಚಿಂತೆಯಾಗಿರಿ.’ ಅವಳು ಉಸಿರು ಬಿಟ್ಟದ್ದು ಬಚ್ಚಲಿನವರೆಗೂ ಕೇಳಿಸಿತೋ, ಕೇಳಿಸಿದ ಹಾಗೆ ಅನ್ನಿಸಿತೋ. ಮಿಷಿನ್ನು ಮನೆಗೆ ಬಂದ ದಿನ ಅವನು ಹೇಳಿದ್ದು ಒಂದೇ ಮಾತು: ಇದರ ಕಿರ್ರೋ ಸದ್ದು ನಾನು ಮನೆಯಲ್ಲಿರುವಾಗ ಕೇಳಬಾರದು. ಆಮೇಲೆ ಅವಳು ಅವನಿದ್ದಾಗ ಅದನ್ನು ಚಾಲೂ ಮಾಡಿರಲಿಲ್ಲ. ಅವನು ಬರುವ ಹೊತ್ತಿಗೆ ಅದರ ಮೇಲೆ ಯಾವಾಗಲೂ ಹಳೆಯ ಹಾಸಿಗೆ ಬಟ್ಟೆ ಮುಚ್ಚಿರುತ್ತಿತ್ತು, ಒದ್ದೆ ಗಾಜಿನ ಪುಡಿಯ ವಾಸನೆ ಮಾತ್ರ ಇರುತ್ತಿತ್ತು.

‘ಹಾಗಾದ್ರೆ ಯಜಮಾನರದ್ದು ಅಂತ ಈ ಮನೇಲಿ ಏನೂ ಇಲ್ವಾ?’ ಎಂದ ದಪ್ಪನವನು. ‘ಇದೆಯಲ್ಲ, ಕೋಪ,’ ಎಂದಳು ಅವಳು. ‘ಹೊತ್ಕೊಂಡು ಹೋಗ್ತೀರಾ?’ ಗಂಡಸರಿಬ್ಬರೂ ನಕ್ಕರು. ಅವಳೂ ನಕ್ಕಳು. ಜೋರಾಗಿಯೇನೂ ಅಲ್ಲ, ಮೂಗಿನಲ್ಲಿ ಗಾಳಿ ಬಿಟ್ಟ ಹಾಗೆ ಸಣ್ಣಗೆ. ಆದರೆ ಅವಳು ನಕ್ಕದ್ದನ್ನು ಕೊನೆಯ ಸಲ ಯಾವಾಗ ಕೇಳಿದ್ದೆ ಎಂದು ನೆನಪು ಮಾಡಿಕೊಳ್ಳಲು ಹೋದರೆ ನೆನಪಾಗಲಿಲ್ಲ. ಪಿತ್ತ ನೆತ್ತಿಗೇರಿತು. ಯಾರೋ ದಾರಿಹೋಕರು, ಕೋರ್ಟಿನ ಕೂಲಿಗಳು, ಅವರ ಮುಂದೆ ಗಂಡನನ್ನು ಆಡಿಕೊಂಡು ನಗುವುದೇ? ಕೋರ್ಟಿನಲ್ಲೂ ಹೀಗೇ ನಕ್ಕಿದ್ದರು. ಪಕ್ಕದಲ್ಲಿ ಕೂತು ಕಲಿಸುವವರೇ ಕಾನೂನಿನ ಪ್ರಕಾರ ಗಾಡಿ ಓಡಿಸುವವರು ಎಂದು ಮ್ಯಾಜಿಸ್ಟ್ರೇಟರು ಹೇಳಿದಾಗ ಇವನು, ಸ್ಟೀರಿಂಗು ನನ್ನ ಕೈಯಲ್ಲಿರಲಿಲ್ಲ ಸಾರ್, ಬೇಕಾದರೆ ನೀವೇ ಬಂದು ಆ ಸೀಟಿನಲ್ಲಿ ಕೂತು ನೋಡಿ ಎಂದಿದ್ದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದಿದ್ದರು. ಆಮೇಲೆ ಅಯ್ಯೋ ಅಮ್ಮಾ ಮೇಡಂ ಸಾಕ್ಷಿಕಟ್ಟೆಗೆ ಬಂದಳು. ಅವಳು ಇವನ ಮೇಲೆ ದೂರು ಹೇಳಲಿಲ್ಲ, ಮೆಲ್ಲಗೆ ಸೆರಗಿನ ತುದಿ ಸುತ್ತುತ್ತಾ, ‘ತಪ್ಪು ನಂದೇ ಸಾರ್. ಆದ್ರೆ ನಮ್ಮ ಮೇಷ್ಟ್ರು ಯಾವಾಗಲೂ ಬ್ರೇಕ್ ಮೇಲೆ ಕಾಲಿಟ್ಟಿರ್ತಿದ್ರು. ಅವತ್ತು ಕಾಲು ತೆಗೆದುಬಿಟ್ರು. ನಾನು ನೋಡಿದೆ,’ ಎಂದಳು. ‘ಸುಳ್ಳು!’ ಎಂದು ಅವನು ಕೂಗಿದ್ದಕ್ಕೆ ಕೋರ್ಟಿನ ಸೀಲಿಂಗಿನಲ್ಲಿ ಕೂತಿದ್ದ ಪಾರಿವಾಳ ಹಾರಿತ್ತು, ದಂಡ ಹೆಚ್ಚಾಗಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಒಂದೇ ಒಂದು ಸಲ ಕೇಳಿದಳು, ‘ನಿಜವಾಗ್ಲೂ ತೆಗೆದ್ರಾ?’ ‘ನೀನೂ ಅವಳ ಕಡೆ ಸಾಕ್ಷಿಯಾ?’ ಎಂದು ತಟ್ಟೆ ತಳ್ಳಿ ಎದ್ದಿದ್ದ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸಲ ಕೂಗಿ ಹಗುರಾಗಬಹುದಿತ್ತು. ಸ್ಕೂಲಿನ ಯಜಮಾನ, ‘ಅರ್ಧ ನಾನು ಹಾಕ್ತೀನಿ ಮಾರಾಯಾ, ಕಟ್ಟಿ ಕೈ ತೊಳ್ಕೋ,’ ಎಂದಿದ್ದ. ಬ್ಯಾಂಕಿನಲ್ಲಿ ಇವನ ದುಡ್ಡೂ ಇತ್ತು. ಕಟ್ಟಿದರೆ ಒಪ್ಪಿಕೊಂಡ ಹಾಗೆ ಎಂದು ಎಲ್ಲರಿಗೂ ಸಾರುತ್ತಾ ತಿರುಗಿದ. ನೋಟಿಸು ಬಂದಾಗಲೆಲ್ಲ ಹರಿದು, ಹರಿದದ್ದನ್ನು ಅವಳಿಗೆ ಕಾಣುವ ಹಾಗೆ ಕಸದ ಬುಟ್ಟಿಯ ಮೇಲೇ ಇಡುತ್ತಿದ್ದ. ಒಂದು ಕ್ಷಣ ಕಾಲೆತ್ತಿದ್ದು. ನೋಡೇ, ನಿನಗೆ ಬ್ರೇಕು ಯಾರ ಕಾಲಡಿ ಇದೆ ಅಂತ ಈಗ ಗೊತ್ತಾಗುತ್ತೆ, ಎಂದು ಅಂದುಕೊಂಡದ್ದು, ಅಷ್ಟೇ. ಕಾರು ಮುದುಕನನ್ನು ಮುಟ್ಟಿತೋ ಇಲ್ಲವೋ ಎನ್ನುವ ಹಾಗೆ ಮುಟ್ಟಿತ್ತು, ಅವನು ನಿಧಾನವಾಗಿ ಪಕ್ಕಕ್ಕೆ ಬಿದ್ದಿದ್ದ, ಮೊಣಕೈ ಮುರಿದಿತ್ತು, ಹಾಲು ರಸ್ತೆಯ ಮೇಲೆಲ್ಲ ಹರಿದಿತ್ತು. ಆ ಮುದುಕ ಬೈಯಲೂ ಇಲ್ಲ. ‘ಪ್ಯಾಕೆಟ್ಟು ಒಡೀತಲ್ಲಪ್ಪಾ,’ ಎಂದಿದ್ದ ಇವನ ಮುಖ ನೋಡಿ, ಅಂಗಡಿಯವನಿಗೆ ಹೇಳುವ ಹಾಗೆ.

ಹೊರಗೆ ಹಿರಿಯ ಅಮೀನ ಕೆಮ್ಮಿದ. ‘ಅಮ್ಮ, ಒಂದು ಮಾತು ಹೇಳ್ತೀನಿ. ನೀವು ಒಳ್ಳೆಯವರು ಅಂತ ಹೇಳ್ತಿದೀನಿ, ನಮ್ಮ ಕೆಲಸ ಅಲ್ಲ ಇದು. ಅವರದ್ದು ಏನೂ ಸಿಗಲಿಲ್ಲ ಅಂತ ನಾನು ಬರೆದುಕೊಂಡು ಹೋದೆ ಅಂತಿಟ್ಕೊಳ್ಳಿ. ಮುಗೀತು ಅಂದ್ಕೋಬೇಡಿ. ಸಾಮಾನು ಇಲ್ಲದಿದ್ರೆ ಆಳನ್ನ ಹಿಡೀತಾರೆ. ದಂಡದ ಬದಲು ಹದಿನೈದು ದಿನ ಜೈಲು. ಪೊಲೀಸ್ರು ಬರ್ತಾರೆ, ನಾವಲ್ಲ. ಅವರು ಹೀಗೆ ಕೂತು ಮಾತಾಡಲ್ಲ.’ ನಲ್ಲಿಯ ಬಾಯಿಂದ ಬೆರಳು ತಾನಾಗಿ ಬಿಟ್ಟುಕೊಂಡಿತು, ಹನಿ ಬಿದ್ದವು, ಅವನಿಗೆ ಗೊತ್ತಾಗಲಿಲ್ಲ. ಬಾಮೈದ ಇದನ್ನು ಹೇಳಿರಲಿಲ್ಲ. ಹೇಳಲು ಅವನಿಗೆ ಗೊತ್ತಿದ್ದರೆ ತಾನೆ, ಫೈಲು ಹೊರುವ ಕತ್ತೆ! ಜೈಲು. ಯಾರ್ಯಾರೋ ಕುಡುಕರ ನಡುವೆ, ಸಾಲಿನಲ್ಲಿ ತಟ್ಟೆ ಹಿಡಿದು. ಡ್ರೈವಿಂಗ್ ಸ್ಕೂಲಿನ ಮುಂದೆ ಕಲಿಯುವ ಹುಡುಗರು ಮಾತಾಡಿಕೊಳ್ಳುವುದು, ಮೇಷ್ಟ್ರು ಎಲ್ಲಿ, ಒಳಗಿದಾರೆ. ಕೋಪದ ಅಡಿಯಲ್ಲಿ ಇಷ್ಟು ದಿನ ಇದ್ದದ್ದು ಭಯವೇ ಇರಬಹುದೆಂಬ ಯೋಚನೆ ಬಂದು, ಅದು ಬಂದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ‘ಈಗಲೇ ಕಟ್ಟಿದ್ರೆ ರಸೀದಿ ಹರಿದುಕೊಟ್ಟು ಹೋಗಿಬಿಡ್ತೀವಿ,’ ಎಂದ ಹಿರಿಯ. ‘ನನ್ನ ಹತ್ರ ಇಲ್ಲ ಸಾರ್. ಇದ್ದದ್ದೆಲ್ಲ ಮಿಷಿನ್ನಿಗೆ ಹಾಕಿದೆ.’ ‘ಹಾಗಾದ್ರೆ ಬೆಲೆ ಬರೋವಂಥ ಯಾವುದಾದ್ರೂ ಒಂದು ವಸ್ತು ಅವರದ್ದು ಅಂತ ಹೇಳಿ. ಅದನ್ನ ತಗೊಂಡು ಹೋಗ್ತೀವಿ, ಅವರು ಉಳ್ಕೋತಾರೆ. ಆದ್ರೆ ಸುಮ್ನೆ ಹೇಳಬಾರದು ನೋಡಿ. ಈ ಸೋಫಾ, ಫ್ರಿಜ್ಜು, ಟೀವಿ, ಎಲ್ಲ ಸೇರಿಸಿ ಹೊತ್ರೂ ದಂಡದ ಅರ್ಧ ಹುಟ್ಟಲ್ಲ. ಬೆಲೆ ಬರೋದು...’ ಎಂದು ಅವನು ಅಲ್ಲಿಗೇ ನಿಲ್ಲಿಸಿದ. ಅವನು ಯಾವುದನ್ನು ನೋಡುತ್ತಿದ್ದಾನೆಂದು ಬಾಗಿಲ ಈಚೆಗೂ ಗೊತ್ತಾಯಿತು.

ಅವಳು ಏನು ಹೇಳುತ್ತಾಳೆ? ಅವನು ಹಣೆಯನ್ನು ಬಾಗಿಲಿಗೆ ಒತ್ತಿದ. ಹೇಳಲಿ ಎಂದು ಬಯಸಿದನೋ, ಹೇಳದಿರಲಿ ಎಂದೋ, ಅವನಿಗೇ ತಿಳಿಯಲಿಲ್ಲ. ಹೇಳಿದರೆ ಇಷ್ಟು ವರ್ಷದ ಮೇಲೂ ತಾನು ಅವಳಿಗೆ ಬೇಕಾದವನು ಎಂದಾಗುತ್ತದೆ. ಹೇಳದಿದ್ದರೆ, ಗಂಡನಿಗಿಂತ ಒಂದು ಸಾಣೆಕಲ್ಲು ಹೆಚ್ಚಾಯಿತು. ಕೆಳಗೆ ರಸ್ತೆಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಹೋಗುವಾಗಿನ ಪೀ ಪೀ ಕೇಳಿಸುತ್ತಿತ್ತು, ಅದು ನಿಂತಿತು. ಆಮೇಲೆ ಅವಳು, ದನಿ ಏರಿಸದೆ, ಅಕ್ಕಿ ಮುಗಿದಿದೆ ಎಂದು ಹೇಳುವ ಹಾಗೆ ಹೇಳಿದಳು: ‘ನನ್ನನ್ನ ಯಾಕೆ ಕೇಳ್ತೀರಿ? ಅವರನ್ನೇ ಕೇಳಿ. ಬಚ್ಚಲಲ್ಲಿದಾರೆ.’

ಅಗುಳಿ ತೆಗೆದು ಅವನು ಹೊರಗೆ ಬಂದದ್ದು ಬಾಗಿಲು ಗೋಡೆಗೆ ಬಡಿಯುವಷ್ಟು ಜೋರಾಗಿ. ದಪ್ಪನವನು ಅಭ್ಯಾಸಬಲದಿಂದ ಎದ್ದು ನಿಂತು, ‘ನಮಸ್ಕಾರ ಸಾರ್,’ ಎಂದ. ಹಿರಿಯನ ಕನ್ನಡಕ ನೆಟ್ಟಗೆ ಕೂತಿತ್ತು. ಅವನು ಇವನ ಟವೆಲನ್ನೂ ಅರ್ಧ ಬೋಳಿಸಿದ ಮುಖವನ್ನೂ ಒಮ್ಮೆ ನೋಡಿ, ಇವನಿಗೆ ಮುಜುಗರವಾಗದಿರಲೆಂದು ಕೈಯಲ್ಲಿದ್ದ ಕಾಗದದ ಕಡೆ ತಿರುಗಿದ. ಆ ಮರ್ಯಾದೆಯನ್ನು ತಡೆಯಲಾಗಲಿಲ್ಲ. ಬೈದಿದ್ದರೆ, ಬಚ್ಚಲಲ್ಲಿ ಅಡಗಿಕೊಂಡಿದ್ದೀಯಲ್ಲೋ ಎಂದು ನಕ್ಕಿದ್ದರೆ, ಏನಾದರೂ ಮಾಡಬಹುದಿತ್ತು. ‘ಏನೇ,’ ಎಂದ ಹೆಂಡತಿಗೆ, ‘ಏನೇ ಹೇಳಿದ್ದು? ಸೋಫಾ ನಿಂದಾ? ಫ್ರಿಜ್ಜು ನಿಂದಾ? ನಾನೇನು ಇಷ್ಟು ವರ್ಷ ಇಲ್ಲಿ ಬಿಟ್ಟಿ ಕೂಳು ತಿಂದ್ಕೊಂಡಿದ್ನಾ?’ ‘ನೀವೇ ಹೇಳಿಕೊಟ್ಟಿದ್ದು,’ ಎಂದಳು ಅವಳು. ‘ಹೇಳಿಕೊಟ್ಟಿದ್ದು ಹಾಗಲ್ಲ!’ ಎಂದು ಕೂಗಿದ. ಹೇಗೆ ಹೇಳಬೇಕಿತ್ತು ಎಂಬುದು ಅವನಿಗೂ ಗೊತ್ತಿರಲಿಲ್ಲ. ‘ಬರ್ಕೊಳ್ರೀ,’ ಎಂದ ಅಮೀನನ ಕಡೆ ತಿರುಗಿ, ‘ಎಲ್ಲಾ ನಂದು. ಈ ಸೋಫಾ ನಂದು. ಟೀವಿ ನಂದು, ಬೀರು ನಂದು, ಗಡಿಯಾರ ನಂದು. ಈ ಮನೇಲಿ ಒಂದೊಂದು ಚಮಚಾನೂ ನಂದು. ಯಾರಪ್ಪಂದೂ ಅಲ್ಲ!’

‘ಕೂಗಾಡಬೇಡಿ ಸಾರ್,’ ಎಂದ ಹಿರಿಯ. ‘ದುಡ್ಡಿದ್ರೆ ಕಟ್ಟಿಬಿಡಿ. ಇಷ್ಟೆಲ್ಲ ಯಾಕೆ?’ ‘ಕಟ್ಟಲ್ಲ. ತಪ್ಪು ಮಾಡಿದೋರು ಕಟ್ತಾರೆ. ನಾನು ಯಾಕೆ ಕಟ್ಟಲಿ?’ ಇದನ್ನು ಹೇಳುವಾಗ ಅವನು ಹೆಂಡತಿಯನ್ನು ನೋಡಬಾರದೆಂದುಕೊಂಡು ನೋಡಿದ. ಅವಳು ಅವನ ಮುಖವನ್ನು ನೋಡುತ್ತಿರಲಿಲ್ಲ. ಅವಳ ಒಂದು ಕೈ ಹಿಂದಕ್ಕೆ ಹೋಗಿ ಮಿಷಿನ್ನಿನ ಮೇಲಿನ ಬಟ್ಟೆಯ ಅಂಚು ಹಿಡಿದಿತ್ತು. ಹಿರಿಯ ಪೆನ್ನು ತೆಗೆದು, ತೆಗೆದದ್ದನ್ನು ಕಾಗದದ ಮೇಲೆ ಇಡದೆ, ಬಹಳ ಮೆಲ್ಲಗೆ ಕೇಳಿದ. ‘ಆ ಮಿಷಿನ್ನು ಸಾರ್? ಅದು ಅಮ್ಮನವರ ಕಸುಬಿಂದು ಅಂತ ಹೇಳಿದ್ರು. ಅದು ಅವರದ್ದೇ ತಾನೆ?’ ಹೌದು ಎನ್ನಲು ಬಾಯಿ ತೆರೆದಿದ್ದ, ಹೌದು ಎನ್ನುವುದಷ್ಟೇ ಉಳಿದಿತ್ತು. ಹೌದು ಎಂದರೆ ಜೈಲು, ಅಥವಾ ಒಳಗೆ ಹೋಗಿ ಪ್ಯಾಂಟು ಹಾಕಿಕೊಂಡು ಬ್ಯಾಂಕಿಗೆ ನಡೆಯುವುದು. ಬೇಕಾದಷ್ಟು ಹೊತ್ತಿತ್ತು. ಅವತ್ತೂ ಬೇಕಾದಷ್ಟು ಹೊತ್ತಿತ್ತು. ಆ ಅರ್ಧ ಕ್ಷಣದಲ್ಲಿ ಮನುಷ್ಯ ಎಷ್ಟೊಂದು ಕಾಣುತ್ತಾನೆ, ಮುದುಕನ ಕಿವಿಯ ಕೂದಲು, ಪ್ಯಾಕೆಟ್ಟಿನ ನೀಲಿ ಬಣ್ಣ. ಈಗಲೂ ಎಲ್ಲ ಕಾಣುತ್ತಿತ್ತು: ಬಟ್ಟೆ ಹಿಡಿದ ಅವಳ ಬೆರಳು, ಉಗುರಿನ ಸಂದಿಯಲ್ಲಿ ಗಾಜಿನ ಬಿಳಿ ಪುಡಿ, ಎರಡು ಅಂಗಡಿಯವರು, ಬರುವ ತಿಂಗಳು. ‘ಅದೂ ನಂದೇ,’ ಎಂದ.

‘ಯೋಚನೆ ಮಾಡಿ ಹೇಳಿ ಸಾರ್. ಸಹಿ ಹಾಕಿದ ಮೇಲೆ ಹಿಂದಕ್ಕೆ ತಗೊಳ್ಳೋಕಾಗಲ್ಲ.’

‘ನಂದು ಅಂದ್ನಲ್ಲ! ನಾನು ಈ ಮನೆ ಯಜಮಾನ. ಎಲ್ಲಿ ಹಾಕಬೇಕು, ಕೊಡಿ.’

ನಲ್ಲಿ ಹಿಡಿದು ಒದ್ದೆಯಾಗಿದ್ದ ಕೈಯಲ್ಲೇ ಸಹಿ ಹಾಕಿದ. ಕಾಗದದ ಮೇಲೆ ಒದ್ದೆ ಗುರುತು ಉಳಿಯಿತು, ದಪ್ಪನವನು ಅದನ್ನು ತೋಳಿನಿಂದ ಒರೆಸಿದ. ಹಿರಿಯ ಅವಳ ಕಡೆ ತಿರುಗಿ, ‘ಅವರೇ ಬಾಯಿಬಿಟ್ಟು ಹೇಳಿ ಸಹಿ ಹಾಕಿದ ಮೇಲೆ ನಾವು ಬಿಟ್ಟು ಹೋಗೋ ಹಾಗಿಲ್ಲಮ್ಮ,’ ಎಂದ. ‘ಇದೊಂದೇ ಸಾಕಾಗುತ್ತೆ. ಬೇರೆ ಯಾವುದೂ ಬೇಡ. ಹದಿನೈದು ದಿನ ಕೋರ್ಟಿನ ಗೋಡೌನಿನಲ್ಲಿರುತ್ತೆ. ಅಷ್ಟರೊಳಗೆ ಕಟ್ಟಿದ್ರೆ...’ ಅವಳು ತಲೆಯಾಡಿಸಿದಳು. ಅಳುತ್ತಾಳೆ ಎಂದು ಅವನು ಕಾದಿದ್ದ. ಅತ್ತರೆ, ಬೈದರೆ, ಎದೆಗೆ ಗುದ್ದಿದರೆ ಎಲ್ಲಕ್ಕೂ ಉತ್ತರ ಸಿದ್ಧವಿತ್ತು. ಅವಳು ಬಟ್ಟೆ ತೆಗೆದು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟಳು, ಪ್ಲಗ್ಗು ಕಿತ್ತಳು, ತಂತಿಯನ್ನು ಸುತ್ತಿ ರಬ್ಬರ್ ಬ್ಯಾಂಡು ಹಾಕಿದಳು, ತಳದ ತೊಟ್ಟಿಯಲ್ಲಿದ್ದ ನೀರನ್ನು ಸಿಂಕಿಗೆ ಸುರಿದು ಬಂದಳು. ಅಮೀನರಿಬ್ಬರೂ ಎರಡು ಕಡೆ ಹಿಡಿದು ಎತ್ತಲು ಹೋದಾಗ, ‘ಹಾಗೆ ಹಿಡೀಬೇಡಿ, ಕಲ್ಲು ಒಡೆಯುತ್ತೆ. ಅಡಿಯಿಂದ ಹಿಡೀರಿ,’ ಎಂದಳು. ಎತ್ತಿದ ದಪ್ಪನವನು ಮುಖ ಕಿವುಚಿ ಕೆಳಗಿಟ್ಟು ಸೊಂಟ ಹಿಡಿದುಕೊಂಡ. ‘ನನಗಾಗಲ್ಲ. ಕೆಳಗಿಂದ ಯಾ‌ರನ್ನಾದ್ರೂ ಕರೀಬೇಕು,’ ಎಂದ. ‘ಯಾರೂ ಬೇಡ,’ ಎಂದಳು ಅವಳು, ‘ಬಂದವರು ಬೀಳಿಸಿಬಿಡ್ತಾರೆ,’ ಎಂದು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ತಾನೇ ಬಗ್ಗಿ ಆ ಕಡೆಗೆ ಕೈ ಕೊಟ್ಟಳು.

ಅವನು ಆಗಲೇ ಹೊರಬಾಗಿಲಿಗೆ ಹೋಗಿ ಅದನ್ನು ಅಗಲಕ್ಕೆ ತೆರೆದು, ಹೊರಡಿ ಹೊರಡಿ ಎನ್ನುವ ಹಾಗೆ ಅಡ್ಡ ನಿಂತಿದ್ದ. ಎದುರು ಮನೆಯ ಬಾಗಿಲು ಸ್ವಲ್ಪವೇ ತೆರೆದಿತ್ತು, ಸಂದಿಯಲ್ಲಿ ಯಾರದೋ ಕಣ್ಣು. ಅವಳು ಮತ್ತು ಹಿರಿಯ ಅಮೀನ ಮಿಷಿನ್ನನ್ನು ಹಿಡಿದುಕೊಂಡು ಅಡಿಯ ಮೇಲೆ ಅಡಿ ಇಡುತ್ತಾ ಬಂದರು; ಅವಳ ಕುತ್ತಿಗೆಯ ನರ ಎದ್ದು ನಿಂತಿತ್ತು, ತುಟಿ ಬಿಗಿದಿತ್ತು, ಒಂದು ಎಳೆ ಕೂದಲು ಬಾಯಿಗೆ ಬಂದು ಅಂಟಿಕೊಂಡಿದ್ದನ್ನು ತೆಗೆಯಲು ಕೈ ಬಿಡುವಿರಲಿಲ್ಲ. ಇರಿ, ಕಟ್ತೀನಿ, ಎಂಬ ಮಾತು ಅವನ ಬಾಯಿಗೆ ಬಂತು. ಇಷ್ಟೇ ಇಷ್ಟು ಮಾತು. ಇವತ್ತು ಬ್ಯಾಂಕು ತೆರೆದಿರುತ್ತದೆ. ಒಣಗಿದ ನೊರೆಯಲ್ಲಿ ಬಿಗಿದ ಕೆನ್ನೆ ಅಲುಗಿತು, ತುಟಿ ತೆರೆಯಿತು, ಅವನು ಅವಳ ಕಡೆಗೆ ಒಂದು ಹೆಜ್ಜೆ ಇಟ್ಟ.

‘ಸ್ವಲ್ಪ ಸರೀರಿ,’ ಎಂದಳು ಅವಳು, ತಲೆಯೆತ್ತದೆ. ‘ಭಾರ ಇದೆ.’

ಅವನು ಸರಿದ.